ದೆವ್ವಕ್ಕಿಂತ ಮೊದಲು ದಸ್ತಾವೇಜು: ಗಾಥಿಕ್ ಸಾಹಿತ್ಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗಾಥಿಕ್ ಅಂದರೆ ದೆವ್ವದ ಕಥೆ ತಾನೆ?

ಅಲ್ಲ. ದೆವ್ವವೇ ಇಲ್ಲದ ಗಾಥಿಕ್ ಕಾದಂಬರಿಗಳು ಬೇಕಾದಷ್ಟಿವೆ; ಗಾಥಿಕ್ ಅಲ್ಲದ ದೆವ್ವದ ಕಥೆಗಳು ಇನ್ನೂ ಜಾಸ್ತಿ. ಗಾಥಿಕ್‌ಗೆ ಬೇಕಾದದ್ದು ಒಂದು ಹಳೆಯ ಮನೆ, ಆ ಮನೆಯಲ್ಲಿ ಅಪ್ಪನೋ ಅಜ್ಜನೋ ಮಾಡಿ ಮುಚ್ಚಿಟ್ಟ ಒಂದು ಅನ್ಯಾಯ, ಅದರ ಲೆಕ್ಕ ತೀರುವತನಕ ಅಲ್ಲಿಂದ ಆಚೆ ಕಾಲಿಡಲಾಗದ ಒಬ್ಬರು. ಒಂದು ಕಾಲಕ್ಕೆ ಬೆಂಗಳೂರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಆ ದೆವ್ವ ಗಾಥಿಕ್ ಅಲ್ಲ. ಅದು ಬೀದಿಯಲ್ಲಿ ಸಿಕ್ಕ ಮನೆಯ ಬಾಗಿಲು ತಟ್ಟುತ್ತಿತ್ತು, ಯಾವ ಮನೆಯ ಮೇಲೂ ಅದಕ್ಕೆ ಹಕ್ಕಿರಲಿಲ್ಲ. ಗಾಥಿಕ್ ದೆವ್ವ ಬರುವುದು ತನ್ನ ಮನೆಗೇ. ಕೆಳಗಿನ ಉತ್ತರಗಳಲ್ಲಿ ರಕ್ತಕ್ಕಿಂತ ಉಯಿಲು, ಅಡಮಾನ, ಸಹಿ ಇಂಥ ಮಾತುಗಳೇ ಹೆಚ್ಚು ಬಂದರೆ ಅದಕ್ಕೆ ಕಾರಣ ಇದು.

‘ಗಾಥಿಕ್’ ಎಂಬ ಹೆಸರು ಎಲ್ಲಿಂದ ಬಂತು?

ಬೈಗುಳದಿಂದ. ಗಾಥರು ಜರ್ಮಾನಿಕ್ ಬುಡಕಟ್ಟಿನವರು. 410ರಲ್ಲಿ ಅಲಾರಿಕ್‌ನ ಮುಂದಾಳತ್ವದಲ್ಲಿ ರೋಮ್ ನಗರವನ್ನು ಸೂರೆ ಮಾಡಿದರು. ಸಾವಿರ ವರ್ಷ ಕಳೆದ ಮೇಲೆ ಇಟಲಿಯ ಪುನರುಜ್ಜೀವನ ಕಾಲದ ಪಂಡಿತರು, ಮೊನಚು ಕಮಾನಿನ ಮಧ್ಯಯುಗದ ಚರ್ಚುಗಳನ್ನು ನೋಡಿ ‘ಇದು ಗಾಥರ ಒರಟು ಕೆಲಸ’ ಎಂದು ಮೂಗು ಮುರಿದರು. ಆ ಚರ್ಚುಗಳನ್ನು ಕಟ್ಟಿದವರು ಗಾಥರೇನೂ ಅಲ್ಲ. ಕಮಾನು ಹೇಗಿರುತ್ತದೆಂದು ನೋಡಬೇಕಾದರೆ ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಹೋಗಿ; ಅದು ಆ ಶೈಲಿಯನ್ನು ಅನುಸರಿಸಿ 20ನೇ ಶತಮಾನದಲ್ಲಿ ಕಟ್ಟಿದ್ದು. 18ನೇ ಶತಮಾನದ ಇಂಗ್ಲೆಂಡಿನಲ್ಲಿ ‘ಗಾಥಿಕ್’ ಅಂದರೆ ಹಳೇ ಕಾಲದ್ದು, ಅನಾಗರಿಕವಾದದ್ದು ಎಂದೇ ಅರ್ಥ. ಆ ಮಾತನ್ನು ಬಿರುದಿನಂತೆ ಪುಸ್ತಕದ ಮೇಲೆ ಹಾಕಿಕೊಂಡ ಮೊದಲಿಗ ಹೊರೇಸ್ ವಾಲ್‌ಪೋಲ್.

ಮೊದಲ ಗಾಥಿಕ್ ಕಾದಂಬರಿ ಯಾವುದು?

ವಾಲ್‌ಪೋಲ್‌ನ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’. 1764ರ ಡಿಸೆಂಬರ್ 24ರಂದು ಲಂಡನ್ನಿನಲ್ಲಿ 500 ಪ್ರತಿ ಹೊರಬಂತು. ಹುಟ್ಟಿದ್ದೇ ಒಂದು ಸುಳ್ಳು ದಾಖಲೆಯ ರೂಪದಲ್ಲಿ. ಇಂಗ್ಲೆಂಡಿನ ಉತ್ತರದ ಒಂದು ಹಳೆಯ ಕ್ಯಾಥೊಲಿಕ್ ಮನೆತನದ ಗ್ರಂಥಾಲಯದಲ್ಲಿ ಸಿಕ್ಕಿತು, ಮೂಲ 1529ರಲ್ಲಿ ನೇಪಲ್ಸ್‌ನಲ್ಲಿ ಅಚ್ಚಾದದ್ದು, ಇಟಾಲಿಯನ್‌ನಿಂದ ಅನುವಾದಿಸಿದವನು ವಿಲಿಯಂ ಮಾರ್ಷಲ್ ಎಂದೆಲ್ಲ ಮುನ್ನುಡಿಯಲ್ಲಿ ಬರೆದಿತ್ತು. ಪುಸ್ತಕ ಚೆನ್ನಾಗಿ ಓಡಿದ ಮೇಲೆ, 1765ರ ಎರಡನೇ ಮುದ್ರಣದಲ್ಲಿ ವಾಲ್‌ಪೋಲ್ ತಾನೇ ಬರೆದದ್ದೆಂದು ಒಪ್ಪಿಕೊಂಡು ‘ಒಂದು ಗಾಥಿಕ್ ಕಥೆ’ ಎಂದು ಉಪಶೀರ್ಷಿಕೆ ಸೇರಿಸಿದ. ನಿಜ ಎಂದು ಮೆಚ್ಚಿಕೊಂಡಿದ್ದ ವಿಮರ್ಶಕರಿಗೆ ಇದು ಹಿಡಿಸಲಿಲ್ಲ.

ಕಥೆ ಶುರುವಾಗುವುದು ಮದುವೆಯ ದಿನ. ಮದುಮಗ ಕಾನ್ರಾಡ್‌ನ ಮೇಲೆ ಆಕಾಶದಿಂದೆಂಬಂತೆ ಒಂದು ದೈತ್ಯ ಶಿರಸ್ತ್ರಾಣ ಬಿದ್ದು ಹುಡುಗ ಅಪ್ಪಚ್ಚಿಯಾಗುತ್ತಾನೆ. ಅವನಪ್ಪ ಮ್ಯಾನ್‌ಫ್ರೆಡ್ ಅಳುವುದು ಬಿಟ್ಟು, ಸೊಸೆಯಾಗಬೇಕಿದ್ದ ಇಸಬೆಲ್ಲಾಳನ್ನು ತಾನೇ ಮದುವೆಯಾಗಲು ಹೊರಡುತ್ತಾನೆ. ವಂಶ ನಿಂತರೆ ಕೋಟೆ ಕೈಬಿಡುತ್ತದಲ್ಲ. ಅವನ ಅಜ್ಜ ರಿಕಾರ್ಡೊ ತನ್ನ ಒಡೆಯ ಅಲ್ಫಾನ್ಸೊಗೆ ವಿಷವಿಟ್ಟು, ಸುಳ್ಳು ಉಯಿಲು ಸೃಷ್ಟಿಸಿ ಒಟ್ರಾಂಟೊವನ್ನು ಹೊಡೆದುಕೊಂಡವನು. ಅಂದರೆ ಈ ಪ್ರಕಾರದ ಮೊದಲ ಪುಸ್ತಕದ ಎಲ್ಲ ಅದ್ಭುತಗಳ ಬುಡದಲ್ಲಿ ಇರುವುದು ಒಂದು ಫೋರ್ಜರಿ ಕೇಸು. ನಿಜವಾದ ಯಜಮಾನ ಕೋಟೆಯಲ್ಲಿ ಹಿಡಿಸದಷ್ಟು ದೊಡ್ಡವನಾಗಿ ಬೆಳೆದಾಗ ಕೋಟೆ ಕೈತಪ್ಪುತ್ತದೆ ಎಂಬ ಭವಿಷ್ಯವಾಣಿ ಅಕ್ಷರಶಃ ನಿಜವಾಗುತ್ತದೆ: ಒಂದು ಕಡೆ ದೈತ್ಯ ಕಾಲು, ಇನ್ನೊಂದು ಕಡೆ ದೈತ್ಯ ಕೈ, ಕೊನೆಗೆ ಅಲ್ಫಾನ್ಸೊನ ಇಡೀ ಆಕಾರ ಗೋಡೆ ಒಡೆದುಕೊಂಡು ಏಳುತ್ತದೆ.

ಇವತ್ತು ಓದಿದರೆ ನಗು ಬರುವ ಜಾಗಗಳಿವೆ. ಪ್ರತಿಮೆಯ ಮೂಗಿನಿಂದ ಮೂರು ಹನಿ ರಕ್ತ ಸುರಿಯುತ್ತದೆ, ಪಟದಲ್ಲಿದ್ದ ಅಜ್ಜ ನಿಟ್ಟುಸಿರು ಬಿಟ್ಟು ಇಳಿದು ನಡೆಯುತ್ತಾನೆ. ಆದರೆ ಒಂದು ದೃಶ್ಯ ಮಾತ್ರ ಇನ್ನೂ ಕೆಲಸ ಮಾಡುತ್ತದೆ. ಇಸಬೆಲ್ಲಾ ದೀಪ ಹಿಡಿದು ನೆಲಮಾಳಿಗೆಯಲ್ಲಿ ಓಡುತ್ತಾಳೆ. ಗಾಳಿ ಬೀಸಿ ದೀಪ ಆರುತ್ತದೆ. ಕತ್ತಲಲ್ಲಿ ತಡವುತ್ತಿರುವಾಗ ಮೇಲಿನ ಬಿರುಕಿನಿಂದ ಬೆಳದಿಂಗಳ ಒಂದು ಗೆರೆ ಇಳಿದು, ಅವಳು ಹುಡುಕುತ್ತಿದ್ದ ನೆಲಬಾಗಿಲಿನ ಬೀಗದ ಮೇಲೇ ಬೀಳುತ್ತದೆ. ಮುಂದಿನ ಇನ್ನೂರೈವತ್ತು ವರ್ಷದ ಪುಸ್ತಕ, ಸಿನಿಮಾಗಳು ಆ ಆರಿದ ದೀಪವನ್ನು ಸಾಲ ಪಡೆದಿವೆ.

ವಾಲ್‌ಪೋಲ್‌ಗೆ ಇದು ಹೊಳೆದದ್ದು ಹೇಗೆ?

ಕನಸಿನಲ್ಲಿ. 1764ರ ಜೂನ್‌ನಲ್ಲಿ, ದೊಡ್ಡ ಮೆಟ್ಟಿಲ ಸಾಲಿನ ಮೇಲುಗಡೆಯ ಕಟಾಂಜನದ ಮೇಲೆ ಕವಚ ತೊಟ್ಟ ದೈತ್ಯ ಕೈಯೊಂದನ್ನು ಕಂಡೆ ಎಂದು ಗೆಳೆಯ ವಿಲಿಯಂ ಕೋಲ್‌ಗೆ ಬರೆದಿದ್ದಾನೆ. ಬರವಣಿಗೆ ಎರಡು ತಿಂಗಳೊಳಗೆ ಮುಗಿಯಿತು. ಲಂಡನ್ ಪಕ್ಕದ ಟ್ವಿಕನ್‌ಹ್ಯಾಮ್‌ನಲ್ಲಿ ಅವನು ಕಟ್ಟಿಸಿಕೊಂಡಿದ್ದ ‘ಸ್ಟ್ರಾಬೆರಿ ಹಿಲ್’ ಮನೆಯೇ ಒಂದು ನಕಲಿ ಕೋಟೆ. ಅದರ ಗ್ಯಾಲರಿಯ ಚಾವಣಿ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಕಲ್ಲಿನ ಚಾವಣಿಯ ಪಡಿಯಚ್ಚು, ಆದರೆ ಮಾಡಿದ್ದು ಕಾಗದ ಅರೆದು ಅಚ್ಚು ಹಾಕಿ. ಕಾಗದದ ಕೋಟೆಯಲ್ಲಿ ಕೂತವನು ಕಾಗದದ ಮೇಲೆ ಕೋಟೆ ಕಟ್ಟಿದ.

ಟೆರರ್ ಮತ್ತು ಹಾರರ್ ಎರಡೂ ಒಂದೇ ಅಲ್ಲವೇ?

ಆನ್ ರ್‍ಯಾಡ್‌ಕ್ಲಿಫ್ ಪ್ರಕಾರ ಒಂದಕ್ಕೊಂದು ವಿರುದ್ಧ. 1790ರ ದಶಕದ ಹೆಸರಾಂತ ಗಾಥಿಕ್ ಕಾದಂಬರಿಕಾರ್ತಿ ಅವಳು. ಏನೋ ಆಗಲಿದೆ ಎಂಬ ಅಂಜಿಕೆ ಟೆರರ್. ಅದು ಮನಸ್ಸನ್ನು ಹಿಗ್ಗಿಸಿ ಎಚ್ಚರಿಸುತ್ತದೆ. ಆದದ್ದನ್ನು ಕಣ್ಣಾರೆ ಕಂಡಾಗಿನ ಜಿಗುಪ್ಸೆ ಹಾರರ್; ಅದು ಮನಸ್ಸನ್ನು ಕುಗ್ಗಿಸಿ ಮರಗಟ್ಟಿಸುತ್ತದೆ. ಅವಳು ತೀರಿಕೊಂಡ ಮೇಲೆ, 1826ರಲ್ಲಿ ಪ್ರಕಟವಾದ ಬರಹದಲ್ಲಿ ಈ ಮಾತಿದೆ. ಇದರ ಬೇರು ಎಡ್ಮಂಡ್ ಬರ್ಕ್‌ನ 1757ರ ಪ್ರಬಂಧದಲ್ಲಿ: ಅಸ್ಪಷ್ಟವಾದದ್ದೇ ಹೆಚ್ಚು ಹೆದರಿಸುತ್ತದೆ.

ರ್‍ಯಾಡ್‌ಕ್ಲಿಫ್‌ಳ ‘ದಿ ಮಿಸ್ಟರೀಸ್ ಆಫ್ ಉಡಾಲ್ಫೊ’ಗೆ (1794) ಪ್ರಕಾಶಕರು ಕೊಟ್ಟದ್ದು 500 ಪೌಂಡ್, ‘ದಿ ಇಟಾಲಿಯನ್’ಗೆ (1797) 800. ಆ ಕಾಲಕ್ಕೆ ಕಾದಂಬರಿಕಾರರು ಕನಸಲ್ಲೂ ಎಣಿಸದ ಮೊತ್ತ. ಅವಳ ವರಸೆ ಹೀಗೆ: ಮೊದಲು ದೆವ್ವವೆಂದು ನಂಬಿಸುವುದು, ಕೊನೆಗೆ ಎಲ್ಲಕ್ಕೂ ಲೌಕಿಕ ಕಾರಣ ಕೊಡುವುದು. ‘ಆಪ್ತಮಿತ್ರ’ ನೋಡಿದವರಿಗೆ ಈ ತಂತ್ರ ಗೊತ್ತು. ಬೀಗ ಹಾಕಿದ ಕೋಣೆ, ಪಟ, ಅರಮನೆ, ಕೊನೆಗೆ ಮನೋವೈದ್ಯನ ವಿವರಣೆ. ಇದರಲ್ಲಿ ಎಡವುವ ಜಾಗವೂ ಅಷ್ಟೇ ಸ್ಪಷ್ಟ. ಉಡಾಲ್ಫೊದಲ್ಲಿ ನಾಯಕಿ ಎಮಿಲಿ ಕಪ್ಪು ಪರದೆಯೊಂದನ್ನು ಸರಿಸಿ, ಹಿಂದಿರುವುದನ್ನು ಕಂಡು ಮೂರ್ಛೆ ಹೋಗುತ್ತಾಳೆ. ಕಂಡದ್ದೇನೆಂದು ಓದುಗರಿಗೆ ತಿಳಿಯುವುದು ನೂರಾರು ಪುಟಗಳಾಚೆ, ಪುಸ್ತಕ ಮುಗಿಯುವ ಹೊತ್ತಿಗೆ: ಹುಳು ಹಿಡಿದ ಹೆಣದ ಮೇಣದ ಗೊಂಬೆ! ಅಷ್ಟು ಹೊತ್ತು ಕಾಯಿಸಿದ ಮೇಲೆ ಯಾವ ಉತ್ತರ ಕೊಟ್ಟರೂ ಸಪ್ಪೆಯೇ.

ಹಾರರ್ ದಾರಿ ಹಿಡಿದವನು ಮ್ಯಾಥ್ಯೂ ಲೂಯಿಸ್. ‘ದಿ ಮಾಂಕ್’ (1796) ಪ್ರಕಟವಾದಾಗ ಅವನಿಗೆ 20 ವರ್ಷ. ಅವನಲ್ಲಿ ವಿವರಣೆಯ ಗೋಜಿಲ್ಲ. ದೆವ್ವ ದೆವ್ವವೇ, ಸೈತಾನ ಸೈತಾನನೇ. ಎರಡನೇ ಮುದ್ರಣದಲ್ಲಿ ತನ್ನ ಹೆಸರಿನ ಪಕ್ಕ ಪಾರ್ಲಿಮೆಂಟ್ ಸದಸ್ಯನೆಂದೂ ಹಾಕಿಕೊಂಡದ್ದರಿಂದ ರಂಪ ಜಾಸ್ತಿಯಾಯಿತು. 1798ರಲ್ಲಿ ತಾನೇ ಕತ್ತರಿ ಹಾಕಿದ ಮುದ್ರಣ ತರಬೇಕಾಯಿತು.

ಇವನ್ನೆಲ್ಲ ಓದುತ್ತಿದ್ದವರು ಯಾರು?

ಕೊಳ್ಳಲಾಗದವರು. ಕಾದಂಬರಿಗಳು ಮೂರು, ನಾಲ್ಕು ಸಂಪುಟಗಳಲ್ಲಿ ಬರುತ್ತಿದ್ದವು, ದುಬಾರಿ. ಚಂದಾ ಕಟ್ಟಿ ಒಂದೊಂದೇ ಸಂಪುಟ ಮನೆಗೆ ತರುವ ಸರ್ಕ್ಯುಲೇಟಿಂಗ್ ಲೈಬ್ರರಿಗಳೇ ಈ ಸಾಹಿತ್ಯದ ಬೆನ್ನೆಲುಬು. ನಮ್ಮ ಊರುಗಳಲ್ಲಿ ಪತ್ತೇದಾರಿ ಕಾದಂಬರಿ ಬಾಡಿಗೆಗೆ ಕೊಡುತ್ತಿದ್ದ ಅಂಗಡಿಗಳನ್ನು ನೆನೆಸಿಕೊಂಡರೆ ಸಾಕು. ಲಂಡನ್ನಿನ ಲೆಡನ್‌ಹಾಲ್ ಬೀದಿಯ ವಿಲಿಯಂ ಲೇನ್‌ಗೆ ಮಿನರ್ವ ಪ್ರೆಸ್ಸೂ ಇತ್ತು, ಲೈಬ್ರರಿಯೂ ಇತ್ತು. ತಾನೇ ಅಚ್ಚು ಹಾಕಿ ತಾನೇ ಬಾಡಿಗೆಗೆ ಬಿಡುತ್ತಿದ್ದ. ಅದೂ ಕೈಗೆಟುಕದವರಿಗೆ ನೀಲಿ ರಟ್ಟಿನ ಪುಟ್ಟ ಪುಸ್ತಕಗಳಿದ್ದವು: 36 ಪುಟಕ್ಕೆ ಆರು ಪೆನ್ಸ್, 72 ಪುಟಕ್ಕೆ ಒಂದು ಶಿಲಿಂಗ್. ದೊಡ್ಡ ಕಾದಂಬರಿಯನ್ನೇ ಕದ್ದು ಹಿಂಡಿ ಇಳಿಸುತ್ತಿದ್ದರು.

ಜೇನ್ ಆಸ್ಟಿನ್ ಗಾಥಿಕ್ ವಿರೋಧಿಯೇ?

ಗೇಲಿ ಮಾಡಿದ್ದಾಳೆ, ಆದರೆ ಓದಿ ಆನಂದಿಸಿದವಳ ಗೇಲಿ ಅದು. ‘ನಾರ್ಥ್ಯಾಂಗರ್ ಅಬ್ಬೆ’ಯ ಕ್ಯಾಥರೀನ್ ಅತಿಥಿಯಾಗಿ ಹೋದ ಮನೆಯ ಹಳೇ ಕಪಾಟಿನಲ್ಲಿ ರಾತ್ರಿ ಕಾಗದದ ಸುರುಳಿಯೊಂದನ್ನು ಕಂಡು ನಡುಗುತ್ತಾಳೆ. ಅಷ್ಟರಲ್ಲಿ ಮೇಣದಬತ್ತಿ ಆರುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಬಟ್ಟೆ ಒಗೆಸಿದ ಲೆಕ್ಕದ ಚೀಟಿ. ಅದೇ ಪುಸ್ತಕದಲ್ಲಿ ಏಳು ‘ಭಯಾನಕ’ ಕಾದಂಬರಿಗಳ ಪಟ್ಟಿ ಬರುತ್ತದೆ. ಆ ಹೆಸರುಗಳನ್ನು ಆಸ್ಟಿನ್ ತಮಾಷೆಗೆ ಹುಟ್ಟಿಸಿದಳೆಂದೇ ಬಹಳ ಕಾಲ ನಂಬಿದ್ದರು. 20ನೇ ಶತಮಾನದಲ್ಲಿ ಹುಡುಕಿದಾಗ ಏಳೂ ನಿಜವಾದ ಪುಸ್ತಕಗಳೆಂದು ತಿಳಿಯಿತು. ಅವುಗಳಲ್ಲಿ ಆರು ಮಿನರ್ವ ಪ್ರೆಸ್ಸಿನವು.

1816ರ ಬೇಸಿಗೆಯ ಕಥೆ ನಿಜವೇ?

ನಿಜ. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರ ಧೂಳಿನಿಂದ ಮರುವರ್ಷ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಂಡೆಯ ವಿಲ್ಲಾ ಡಿಯೊಡಾಟಿಯಲ್ಲಿ ಬೈರನ್, ಅವನ ವೈದ್ಯ ಪೊಲಿಡೋರಿ, ಪರ್ಸಿ ಶೆಲ್ಲಿ, 18 ವರ್ಷದ ಮೇರಿ, ಅವಳ ಮಲತಂಗಿ ಕ್ಲೇರ್ ಮಳೆಗೆ ಸಿಕ್ಕಿ ಕೂತರು. ಜರ್ಮನ್ ದೆವ್ವದ ಕಥೆಗಳ ಫ್ರೆಂಚ್ ಅನುವಾದ ಓದಿ, ಎಲ್ಲರೂ ಒಂದೊಂದು ಬರೆಯೋಣ ಎಂದ ಬೈರನ್. ಅಲ್ಲಿದ್ದ ಇಬ್ಬರು ಪ್ರಸಿದ್ಧ ಕವಿಗಳು ಅರ್ಧಕ್ಕೇ ಕೈಬಿಟ್ಟರು. ಮೇರಿಯ ‘ಫ್ರಾಂಕೆನ್‌ಸ್ಟೈನ್’ 1818ರ ಜನವರಿ 1ರಂದು, ಹೆಸರಿಲ್ಲದೆ, 500 ಪ್ರತಿ ಬಂತು. ಪೊಲಿಡೋರಿಯ ‘ದಿ ವ್ಯಾಂಪೈರ್’ 1819ರಲ್ಲಿ ಬೈರನ್ ಹೆಸರಿನಲ್ಲಿ ಅಚ್ಚಾಗಿ, ಇಬ್ಬರೂ ಸಿಟ್ಟಾದರು. ಹಳ್ಳಿಯ ಹೆಣಪಿಶಾಚಿಯನ್ನು ಕೋಟು ಹಾಕಿದ ಶ್ರೀಮಂತನನ್ನಾಗಿ ಮಾಡಿದ್ದು ಈ ಪುಟ್ಟ ಕಥೆ.

ಫ್ರಾಂಕೆನ್‌ಸ್ಟೈನ್ ಆ ರಾಕ್ಷಸನ ಹೆಸರೇ?

ಅಲ್ಲ, ಅವನನ್ನು ಮಾಡಿದವನ ಹೆಸರು. ಅವನು ಡಾಕ್ಟರೂ ಅಲ್ಲ, ಇಂಗೋಲ್‌ಸ್ಟಾಟ್‌ನ ವಿದ್ಯಾರ್ಥಿ. ಮಾಡಿಬಿಟ್ಟ ಜೀವಕ್ಕೆ ಒಂದು ಹೆಸರನ್ನೂ ಇಡದೆ ಓಡಿಹೋದ ಅಪ್ಪ.

ಹಳೆಯ ಮನೆ, ಆಸ್ತಿ ಇವೇ ಯಾಕೆ ಮತ್ತೆ ಮತ್ತೆ ಬರುತ್ತವೆ?

ಇಂಗ್ಲೆಂಡಿನಲ್ಲಿ ಅಧಿಕಾರ, ಮರ್ಯಾದೆ, ಓಟಿನ ಹಕ್ಕು ಎಲ್ಲ ನೆಲಕ್ಕೆ ಅಂಟಿಕೊಂಡಿದ್ದ ಕಾಲವದು. ಹಿರಿಮಗನಿಗೆ ಮನೆ, ಉಳಿದವರಿಗೆ ಸೈನ್ಯ, ಚರ್ಚು, ಇಲ್ಲವೇ ಇಂಡಿಯಾ. ಹಾಗಾಗಿ ಯಾರ ಹಕ್ಕು ನಿಜ ಎಂಬ ಪ್ರಶ್ನೆಯೇ ಭಯ ಹುಟ್ಟಿಸುತ್ತಿತ್ತು. ಹೆಣ್ಣಿಗಂತೂ ಆ ಭಯ ಇನ್ನೂ ಹತ್ತಿರದ್ದು. ಮದುವೆಯಾದ ಕ್ಷಣಕ್ಕೆ ಅವಳ ಚರಾಸ್ತಿ ಗಂಡನದು. ನೆಲ ಮಾರಲು ಮಾತ್ರ ಅವಳ ಒಪ್ಪಿಗೆ ಬೇಕು. 1882ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಯವರೆಗೂ ಹೆಚ್ಚುಕಡಿಮೆ ಇದೇ ಸ್ಥಿತಿ. ಈಗ ಉಡಾಲ್ಫೊ ಕೋಟೆಗೆ ಮರಳಿ ಬನ್ನಿ. ಕೋಟೆಯ ಒಡೆಯ ಮೊಂಟೊನಿ ತನ್ನ ಹೆಂಡತಿಯನ್ನು ಅಲ್ಲಿ ಕೂಡಿಹಾಕುವುದು ಕ್ರೌರ್ಯದ ಚಟಕ್ಕಲ್ಲ. ಫ್ರಾನ್ಸಿನಲ್ಲಿರುವ ಅವಳ ಜಮೀನಿನ ಮೇಲೆ ಸಹಿ ಬೇಕು. ಅವಳು ಹಾಕದೆ ಸತ್ತಾಗ ಆ ಜಮೀನು ಸೋದರ ಸೊಸೆ ಎಮಿಲಿಗೆ ಬರುತ್ತದೆ, ಒತ್ತಾಯ ಅವಳ ಕಡೆ ತಿರುಗುತ್ತದೆ. ದೆವ್ವ ಸುಳ್ಳು ಇರಬಹುದು, ಸಹಿ ಹಾಕಿಸಿಕೊಳ್ಳಲು ಬಂದವನು ನಿಜ.

ಎಮಿಲಿ ಬ್ರಾಂಟೆಯ ‘ವುದರಿಂಗ್ ಹೈಟ್ಸ್’ (1847) ಇದರ ಶಿಖರ. ಪ್ರೇಮಕಥೆ ಎಂದು ಓದುವವರೇ ಹೆಚ್ಚು, ಆದರೆ ಆ ಮನೆಯವರು ತಂದು ಸಾಕಿದ ಅನಾಥ ಹೀತ್‌ಕ್ಲಿಫ್‌ನ ಸೇಡು ಪೂರ್ತಿ ಕಾನೂನುಬದ್ಧ. ಆ ಮನೆಯ ಮಗ, ಜೂಜುಕೋರ ಹಿಂಡ್ಲಿಗೆ ಸಾಲ ಕೊಟ್ಟು ಆ ಮನೆಯನ್ನು ಅಡಮಾನಕ್ಕೆ ತೆಗೆದುಕೊಳ್ಳುತ್ತಾನೆ. ಸಾಯುತ್ತಿರುವ ಮಗನಿಗೆ ಮದುವೆ ಮಾಡಿಸಿ ಇನ್ನೊಂದು ಮನೆಯನ್ನು ನುಂಗುತ್ತಾನೆ. ವಕೀಲರಾಗಿದ್ದ ಸಿ. ಪಿ. ಸ್ಯಾಂಗರ್ 1926ರಲ್ಲಿ ಕುಳಿತು ತಾಳೆ ನೋಡಿ, ಕಾದಂಬರಿಯ ಆಸ್ತಿ ಕಾನೂನು ಎಷ್ಟು ಕರಾರುವಾಕ್ಕಾಗಿದೆ ಎಂದು ತೋರಿಸಿದರು. ಅಡಮಾನವಾದ ಆ ಮನೆಯ, ಅಂದರೆ ವುದರಿಂಗ್ ಹೈಟ್ಸ್‌ನ, ಹೆಬ್ಬಾಗಿಲ ಮೇಲೆ ಕಲ್ಲಿನಲ್ಲಿ ‘1500’ ಎಂಬ ಇಸವಿ, ‘ಹೇರ್ಟನ್ ಅರ್ನ್‌ಷಾ’ ಎಂಬ ಹೆಸರು ಕೆತ್ತಿದೆ. ಮುನ್ನೂರು ವರ್ಷದ ನಂತರದ ಹೇರ್ಟನ್ ಅರ್ನ್‌ಷಾ, ಹಿಂಡ್ಲಿಯ ಮಗ, ನ್ಯಾಯವಾಗಿ ಮನೆಯ ಯಜಮಾನ, ದಿನಾ ಅದರ ಕೆಳಗೆ ಓಡಾಡುವ ಆಳು. ಓದು ಬರಹ ಕಲಿಸಿಲ್ಲವಾದ್ದರಿಂದ ತನ್ನದೇ ಹೆಸರನ್ನು ಓದಲಾರ. ಕಿಟಕಿ ಬಡಿಯುವ ದೆವ್ವಕ್ಕಿಂತ ಹೆಚ್ಚು ಕಾಡುವುದು ಆ ಬಾಗಿಲು.

ಡ್ರಾಕುಲಾದಲ್ಲಿ ಆಸ್ತಿ ಎಲ್ಲಿದೆ?

ಮೊದಲ ಪುಟಗಳಲ್ಲೇ. ಜೊನಾಥನ್ ಹಾರ್ಕರ್ ಟ್ರಾನ್ಸಿಲ್ವೇನಿಯಾಕ್ಕೆ ಹೋಗುವುದು ಸಾಹಸಕ್ಕಲ್ಲ; ಅವನು ವಕೀಲ, ಪರ್‌ಫ್ಲೀಟ್‌ನಲ್ಲಿರುವ ‘ಕಾರ್‌ಫ್ಯಾಕ್ಸ್’ ಎಂಬ ಸುಮಾರು 20 ಎಕರೆಯ ಆಸ್ತಿಯ ಕಾಗದಪತ್ರ ಹಿಡಿದು ಕಕ್ಷಿದಾರನ ಮನೆಗೆ ಹೋಗಿದ್ದಾನೆ. ಡ್ರಾಕುಲಾ ಲಂಡನ್ನಿಗೆ ನುಗ್ಗುವುದು ನೋಂದಾಯಿತ ಖರೀದಿದಾರನಾಗಿ, ತನ್ನೂರಿನ ಮಣ್ಣು ತುಂಬಿದ 50 ಪೆಟ್ಟಿಗೆಗಳೊಂದಿಗೆ. ಅವನನ್ನು ಹಿಡಿಯುವುದೂ ಕಾಗದದಿಂದಲೇ: ದಿನಚರಿ, ತಂತಿ, ಸಾಗಣೆ ರಸೀದಿ ಎಲ್ಲವನ್ನೂ ಹಾರ್ಕರ್‌ನ ಹೆಂಡತಿ ಮೀನಾ ಟೈಪ್ ಮಾಡಿ ದಿನಾಂಕದ ಪ್ರಕಾರ ಜೋಡಿಸುತ್ತಾಳೆ. 29 ಪೆಟ್ಟಿಗೆ ಕಾರ್‌ಫ್ಯಾಕ್ಸ್‌ನಲ್ಲಿ, ಉಳಿದವು ಲಂಡನ್ನಿನ ಬೇರೆ ಬೇರೆ ಮನೆಗಳಲ್ಲಿ; ಒಂದು ಲೆಕ್ಕಕ್ಕೆ ಸಿಗುವುದಿಲ್ಲ, ಅದರಲ್ಲೇ ಅವನು ಪರಾರಿ.

ಸಿನಿಮಾದಿಂದ ಬಂದ ತಪ್ಪು ತಿಳಿವಳಿಕೆಗಳನ್ನೂ ಇಲ್ಲೇ ತೆಗೆದುಹಾಕಬಹುದು. ಬ್ರಾಮ್ ಸ್ಟೋಕರ್‌ನ 1897ರ ಪುಸ್ತಕದಲ್ಲಿ ಡ್ರಾಕುಲಾ ಹಗಲಲ್ಲೂ ಓಡಾಡುತ್ತಾನೆ, ಶಕ್ತಿ ಕುಂದಿರುತ್ತದೆ ಅಷ್ಟೇ. ಬಿಸಿಲು ತಾಗಿ ಸಾಯುವುದು 1922ರ ಜರ್ಮನ್ ಮೂಕಿಚಿತ್ರ ‘ನೊಸ್ಫೆರಾಟು’ ತಂದ ರೂಢಿ. ಅವನು ಸಾಯುವುದು ಮರದ ಗೂಟದಿಂದಲೂ ಅಲ್ಲ: ಹಾರ್ಕರ್ ಗೂರ್ಖಾ ಕುಕ್ರಿಯಿಂದ ಕತ್ತು ಸೀಳುತ್ತಾನೆ, ಅಮೆರಿಕದ ಕ್ವಿನ್ಸಿ ಬೋವಿ ಚಾಕುವನ್ನು ಎದೆಗೆ ಇಳಿಸುತ್ತಾನೆ. ಸ್ಟೋಕರ್ ಟ್ರಾನ್ಸಿಲ್ವೇನಿಯಾವನ್ನು ಕಣ್ಣಿಂದ ಕಂಡವನೇ ಅಲ್ಲ.

ಇಂಡಿಯಾಕ್ಕೂ ಕರ್ನಾಟಕಕ್ಕೂ ಇದರಲ್ಲಿ ಏನಾದರೂ ನಂಟಿದೆಯೇ?

ಇದೆ, ಅದೂ ನೇರವಾಗಿ. ವಿಲ್ಕಿ ಕಾಲಿನ್ಸ್‌ನ ‘ದಿ ಮೂನ್‌ಸ್ಟೋನ್’ (1868) ಶುರುವಾಗುವುದೇ 1799ರ ಶ್ರೀರಂಗಪಟ್ಟಣದ ಲೂಟಿಯಲ್ಲಿ. ಹರ್ನ್‌ಕಾಸಲ್ ಎಂಬ ಅಧಿಕಾರಿ ಟಿಪ್ಪುವಿನ ಆಯುಧಶಾಲೆಯಲ್ಲಿ ಕಾವಲಿದ್ದವರನ್ನು ಕೊಂದು, ಕಠಾರಿಯ ಹಿಡಿಯಲ್ಲಿದ್ದ ವಜ್ರ ದೋಚುತ್ತಾನೆ. ಆ ವಜ್ರ ಇಂಗ್ಲೆಂಡಿನ ಹಳ್ಳಿಮನೆಗೆ ಬಂದಮೇಲೆ ಆ ಮನೆಗೆ ನೆಮ್ಮದಿಯಿಲ್ಲ. ಪತ್ತೇದಾರಿ ಕಾದಂಬರಿಯ ಮೂಲಪುರುಷರಲ್ಲೊಂದು ಎಂದು ಹೆಸರಾದರೂ ಅದರ ಅಸ್ಥಿಪಂಜರ ಗಾಥಿಕ್: ಹಿಂದಿನ ತಲೆಮಾರಿನವರು ಕದ್ದದ್ದು ಮುಂದಿನವರ ಕೈ ಸುಡುತ್ತದೆ.

ಬರೆದವರ ಆಸ್ತಿಯ ಮೂಲವನ್ನೂ ನೋಡಬೇಕು. ‘ವಾಥೆಕ್’ (1786) ಬರೆದ ವಿಲಿಯಂ ಬೆಕ್‌ಫರ್ಡ್‌ನ ಸಂಪತ್ತು ಜಮೈಕಾದ ಕಬ್ಬಿನ ತೋಟಗಳಿಂದ, ಗುಲಾಮರ ದುಡಿಮೆಯಿಂದ ಬಂದದ್ದು. ಆ ಹಣದಲ್ಲಿ ಕಟ್ಟಿಸಿದ ಫಾಂಟ್‌ಹಿಲ್ ಅಬ್ಬೆಯ ಗೋಪುರ 1825ರಲ್ಲಿ ತಾನಾಗಿಯೇ ಕುಸಿಯಿತು. ಲೂಯಿಸ್‌ಗೂ ಜಮೈಕಾದಲ್ಲಿ ಎರಡು ತೋಟ ಪಿತ್ರಾರ್ಜಿತವಾಗಿ ಬಂದವು. 1818ರಲ್ಲಿ ಅಲ್ಲಿಂದ ಮರಳುವಾಗ ಹಡಗಿನಲ್ಲೇ ತೀರಿಕೊಂಡ. ಷಾರ್ಲೆಟ್ ಬ್ರಾಂಟೆಯ ‘ಜೇನ್ ಐರ್’ನ ಅಟ್ಟದಲ್ಲಿ ಬೀಗ ಹಾಕಿಸಿಕೊಂಡ, ನಾಯಕನ ಮೊದಲ ಹೆಂಡತಿ ಬರ್ತಾ ಕೂಡ ಜಮೈಕಾದವಳು, ಮೂವತ್ತು ಸಾವಿರ ಪೌಂಡ್ ವರದಕ್ಷಿಣೆ ತಂದವಳು. ಅವಳ ಬಾಯಿಂದ ಕಥೆ ಹೇಳಿಸಲು ಜೀನ್ ರೀಸ್ 1966ರಲ್ಲಿ ‘ವೈಡ್ ಸಾರ್ಗಾಸೊ ಸೀ’ ಬರೆಯಬೇಕಾಯಿತು.

ಅಮೆರಿಕದಲ್ಲಿ ಕೋಟೆಗಳೇ ಇಲ್ಲವಲ್ಲ?

ಅದಕ್ಕೇ ಎಡ್ಗರ್ ಆಲನ್ ಪೋ ಮನೆತನವನ್ನೂ ಮನೆಯನ್ನೂ ಒಂದೇ ಹೆಸರಲ್ಲಿ ಕಟ್ಟಿ, ಎರಡನ್ನೂ ಒಟ್ಟಿಗೆ ಕೆರೆಗೆ ಕೆಡವಿದ (‘ದಿ ಫಾಲ್ ಆಫ್ ದಿ ಹೌಸ್ ಆಫ್ ಅಶರ್’, 1839). ದಕ್ಷಿಣದ ರಾಜ್ಯಗಳಲ್ಲಿ ಕೋಟೆಯ ಜಾಗಕ್ಕೆ ತೋಟದ ಬಂಗಲೆ ಬಂತು. ಟೋನಿ ಮಾರಿಸನ್‌ರ ‘ಬಿಲವೆಡ್’ನಲ್ಲಿ (1987) ಪ್ರಶ್ನೆ ಮನೆ ಯಾರದೆಂಬುದನ್ನು ದಾಟುತ್ತದೆ: ಮಗು ಯಾರದು, ತಾಯಿಯದೋ, ಕ್ರಯಕ್ಕೆ ಕೊಂಡವನದೋ?

ಓದಲು ಎಲ್ಲಿಂದ ಶುರು ಮಾಡಬೇಕು?

ಇಸವಿಯ ಕ್ರಮದಲ್ಲಿ ಬೇಡ. ಹಾಗೆ ಹೊರಟವರು ಉಡಾಲ್ಫೊದಲ್ಲಿ ಮುಗ್ಗರಿಸುತ್ತಾರೆ. ನಾಲ್ಕು ಸಂಪುಟದ ಆ ಕಾದಂಬರಿಯಲ್ಲಿ ಕೋಟೆ ಕಣ್ಣಿಗೆ ಬೀಳುವುದೇ ಎರಡನೇ ಸಂಪುಟದಲ್ಲಿ. ಮೊದಲು ಲೆ ಫಾನುವಿನ ‘ಕಾರ್ಮಿಲ್ಲಾ’ ಓದಿ: 16 ಪುಟ್ಟ ಅಧ್ಯಾಯ, ಒಂದೆರಡು ಸಂಜೆ ಸಾಕು. ಆಮೇಲೆ ಡ್ರಾಕುಲಾದ ಮೊದಲ ನಾಲ್ಕು ಅಧ್ಯಾಯ. ಹಿಡಿಸಿದರೆ ಪೂರ್ತಿ 27. ನಂತರ ‘ವುದರಿಂಗ್ ಹೈಟ್ಸ್’, ಪಕ್ಕದಲ್ಲಿ ಒಂದು ವಂಶವೃಕ್ಷ ಬರೆದಿಟ್ಟುಕೊಂಡು. ಇಬ್ಬರು ಕ್ಯಾಥರೀನ್‌ಗಳಿದ್ದಾರೆ, ಲಿಂಟನ್ ಎಂಬುದು ಒಬ್ಬನ ಹೆಸರು, ಉಳಿದವರ ಮನೆತನ. ಒಟ್ರಾಂಟೊ ಐದೇ ಅಧ್ಯಾಯ, ಕೊನೆಗೆ ಓದಿದರೂ ನಡೆಯುತ್ತದೆ. ಹಳೆಯವೆಲ್ಲ ಹಕ್ಕುಸ್ವಾಮ್ಯ ಮುಗಿದವು, ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತ.

ಫ್ರಾಂಕೆನ್‌ಸ್ಟೈನ್‌ನ ಯಾವ ಪಠ್ಯ ಕೈಲಿದೆ ಎಂದು ತಿಳಿಯುವುದು ಹೇಗೆ?

ಅಧ್ಯಾಯ ಎಣಿಸಿ. 1 ರಿಂದ 24ರವರೆಗೆ ನೇರ ಸಂಖ್ಯೆ ಇದ್ದರೆ ಅದು ಮೇರಿ ತಿದ್ದಿದ 1831ರ ಪಠ್ಯ. ಮೂರು ಸಂಪುಟವಾಗಿ, ಪ್ರತಿ ಸಂಪುಟದಲ್ಲೂ 1ರಿಂದ ಶುರುವಾದರೆ 1818ರದ್ದು. ಇನ್ನೊಂದು ಗುರುತು ಎಲಿಜಬೆತ್. 1818ರಲ್ಲಿ ಅವಳು ವಿಕ್ಟರ್‌ನ ಸೋದರತ್ತೆಯ ಮಗಳು. 1831ರಲ್ಲಿ ಇಟಲಿಯ ಬಡವರ ಮನೆಯಿಂದ ತಂದು ಸಾಕಿದ ಅನಾಥೆ. ರಕ್ತಸಂಬಂಧದಲ್ಲಿ ಮದುವೆ ಎಂಬ ಮುಜುಗರ ತಪ್ಪಿಸಲು ಈ ಬದಲಾವಣೆ ಎನ್ನುತ್ತಾರೆ. ಅತ್ತೆ ಮಗಳನ್ನು ಮದುವೆಯಾಗುವ ನಾಡಿನ ಓದುಗರಿಗೆ ಇದರಲ್ಲಿ ಮುಜುಗರ ಎಲ್ಲಿಂದ ಬಂತೆಂದೇ ಹೊಳೆಯುವುದಿಲ್ಲ.

ಕನ್ನಡದಲ್ಲಿ ಗಾಥಿಕ್ ಕಥೆ ಬರೆಯಲು ಹೊರಟರೆ ಎಲ್ಲಿ ಕೆಡುತ್ತದೆ?

ಸಾಮಾನ್ಯವಾಗಿ ಮೊದಲ ಪುಟದಲ್ಲೇ. ಮಂಜು, ಗೂಬೆ, ಚರ್ಚಿನ ಗಂಟೆ ಎಲ್ಲ ಬಂದು, ಮನೆ ಯಾವ ಊರಿನದೆಂದು ತಿಳಿಯದೆ ಹೋಗುತ್ತದೆ. ತೊಟ್ಟಿ ಮನೆ ಸಾಕು. ಆದರೆ ದೆವ್ವ ಬರುವ ಮೊದಲು ಆ ಮನೆಯ ನಕ್ಷೆ ಓದುಗರ ತಲೆಗೆ ಇಳಿದಿರಬೇಕು: ಜಗಲಿಯಿಂದ ತೊಟ್ಟಿ, ತೊಟ್ಟಿಯಿಂದ ನಡುಮನೆ, ಅಲ್ಲಿಂದ ಅಟ್ಟದ ಏಣಿ, ಬೀಗ ಯಾವ ಬಾಗಿಲಿಗೆ, ಬೀಗದ ಕೈ ಯಾರ ಸೊಂಟದಲ್ಲಿ. ನಕ್ಷೆ ಗೊತ್ತಿಲ್ಲದ ಮನೆಯಲ್ಲಿ ಯಾವ ಸದ್ದೂ ಹೆದರಿಸುವುದಿಲ್ಲ, ಎಲ್ಲಿಂದ ಬಂತೆಂದೇ ತಿಳಿಯದಲ್ಲ.

ಎರಡನೆಯ ತಪ್ಪು, ಹಕ್ಕಿಲ್ಲದ ದೆವ್ವ. ಸುಮ್ಮನೆ ಬಿಳಿ ಸೀರೆ ಉಟ್ಟು ನಿಂತವಳು ಯಾರಾದರೂ ಆಗಬಹುದು. ಪಾಲು ಸಿಗದೆ ಹಿತ್ತಲ ಕೋಣೆಯಲ್ಲಿ ತೀರಿಕೊಂಡ ವಿಧವೆ ಅತ್ತೆಯೋ, 1974ರ ಭೂಸುಧಾರಣೆಯಲ್ಲಿ ಉಳುವವನ ಹೆಸರು ಬಾರದಂತೆ ನೋಡಿಕೊಂಡ ಯಜಮಾನನೋ, ಹೆಬ್ಬೆಟ್ಟು ಒತ್ತಿಸಿಕೊಂಡ ವಿಭಾಗಪತ್ರವೋ ಇದ್ದರೆ ದೆವ್ವಕ್ಕೆ ಬರಲು ಕಾರಣ ಸಿಗುತ್ತದೆ. ಮೂರನೆಯದು ಕೊನೆಯ ಪ್ಯಾರಾದಲ್ಲಿ ‘ಎಲ್ಲ ಅವಳ ಭ್ರಮೆ’ ಎಂದು ಮುಗಿಸುವುದು. ರ್‍ಯಾಡ್‌ಕ್ಲಿಫ್‌ಳ ಮೇಣದ ಗೊಂಬೆಗೆ ಆದ ಗತಿಯೇ ಆಗುತ್ತದೆ. ಭ್ರಮೆ ಎಂದೇ ಹೇಳಬೇಕಿದ್ದರೆ ಅರ್ಧದಲ್ಲೇ ಹೇಳಿಬಿಡಿ. ಉಳಿದರ್ಧದಲ್ಲಿ ಅವಳು ಕಪಾಟಿನಿಂದ ಆ ವಿಭಾಗಪತ್ರ ತೆಗೆದು ಹೆಬ್ಬೆಟ್ಟಿನ ಗುರುತುಗಳನ್ನು ಎಣಿಸಲಿ, ಒಂದು ಕಡಿಮೆ ಬರಲಿ.